ರಸಮಟ್ಟದ ಭಾವ

ಸಿದ್ದಾಪುರ ತಾಲೂಕಿನ ದೊಡ್ಮನೆ 1983ರಲ್ಲಿ ರಾಜ್ಯಕ್ಕೆ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯನ್ನು ಕೊಟ್ಟ ಊರು. ಆದರೆ ಅಡಿಕೆ ಕೊಯ್ಲು ಮುಗಿದು ಮನೆ ರಿಪೇರಿಯ ಹಂಗಾಮು ಶುರುವಾಯಿತೆಂದರೆ ಅಲ್ಲಿಗೊಬ್ಬ ಗಾರೆ ಮೇಸ್ತ್ರಿಯನ್ನು ಕರೆತರುವುದು ರಾಮಕೃಷ್ಣ ಹೆಗಡೆಯವರ ಕೈಲೂ ಆಗುತ್ತಿತ್ತೋ ಇಲ್ಲವೋ. ಮೇಸ್ತ್ರಿ ಫೋನು ಎತ್ತುತ್ತಾನೆ, ‘ನಾಳೆ ಬರ್ತೆ ಹೆಗಡೇರೆ’ ಅನ್ನುತ್ತಾನೆ. ಆ ನಾಳೆ ಬರುವುದರೊಳಗೆ ತಯಾರಾಗುವವನೇ ನಮ್ಮ ಭಾವ.

ಶಿರಸಿಯಿಂದ ಯಲ್ಲಾಪುರದವರೆಗೆ ಯಾವ ಕೇರಿಗೆ ಹೋದರೂ ಇಂಥ ಭಾವ ಒಬ್ಬ ಸಿಗುತ್ತಾನೆ. ಪಂಪ್‌ಸೆಟ್ಟು, ಮಿಕ್ಸಿ, ಗೋಡೆ ಗಡಿಯಾರ ಎಲ್ಲ ಬಿಚ್ಚಿದ್ದಾನೆ. ಕೆಲವನ್ನು ತಿರುಗಿ ಜೋಡಿಸಿಯೂ ಇದ್ದಾನೆ. ಈ ವರ್ಷ ಜಗುಲಿಗೆ ಎರಡಡಿಯ ಟೈಲ್ಸ್ ಹಾಕುವ ಮನಸ್ಸಾಗಿದೆ. ಅಷ್ಟಗಲದ ಟೈಲ್ಸ್ ಉಬ್ಬುತಗ್ಗಿನ ಮೇಲೆ ಕೂರುವುದಿಲ್ಲ, ಅಡಿಗೆ ಪೊಳ್ಳು ಉಳಿದರೆ ಒಡೆಯುತ್ತದೆ ಎಂದು ಯೂಟ್ಯೂಬು ಹೇಳಿಕೊಟ್ಟಿದೆ. ಅಲ್ಲಿಯವರೆಗೆ ಸರಿಯೇ. ಅಜ್ಜನ ಕಾಲದ ಮಣ್ಣಿನ ನೆಲ, ಮೇಲೆ ಎಂದೋ ಎಳೆದ ಸಿಮೆಂಟು, ಕೆಳಗೆ ಹೆಗ್ಗಣದ ಬಿಲ. ಮಟ್ಟ ಎಲ್ಲಿಂದ ಬರಬೇಕು?

ಶಿರಸಿ ಪೇಟೆಯಿಂದ ರಸಮಟ್ಟ ಬಂತು. ಜಗುಲಿಗಿಂತ ಮೊದಲು ಅದನ್ನು ಟೀವಿ ಸ್ಟ್ಯಾಂಡಿನ ಮೇಲಿಟ್ಟ, ದೇವರ ಪೀಠದ ಮೇಲಿಟ್ಟ, ಪಕ್ಕದ ಮನೆಯವರು ಉಣ್ಣುತ್ತಿದ್ದಾಗಲೇ ಅವರ ಊಟದ ಟೇಬಲ್ಲಿನ ಮೇಲಿಟ್ಟ. ನೆಂಟರ ಮದುವೆಯಲ್ಲಿ ಒಂದು ಕಣ್ಣು ಮುಚ್ಚಿ ಮಂಟಪದ ಕಂಬ ನೋಡಿದವನು ಊಟಕ್ಕೆ ಏಳುವವರೆಗೂ ಮಾತಾಡಲಿಲ್ಲ.

ಆಮೇಲೆ ನೀರಿನ ಪೈಪಿನ ಪರ್ವ. ಪಾರದರ್ಶಕ ಪೈಪಿಗೆ ನೀರು ತುಂಬಿ ಒಂದು ತುದಿ ತಾನು ಹಿಡಿದ, ಇನ್ನೊಂದು ಅಕ್ಕನ ಕೈಗೆ ಕೊಟ್ಟ. ಒಳಗೆ ಅಪ್ಪೆಹುಳಿಗೆ ಒಗ್ಗರಣೆ ಹಾಕುವ ಹೊತ್ತು. ‘ಸ್ವಲ್ಪ ಮೇಲೆ, ಅಲ್ಲ ಕೆಳಗೆ, ಅಲ್ಲಾಡಿಸಬೇಡ!’ ಪೈಪಿನ ನಡುವೆ ಗುಳ್ಳೆಯೊಂದು ತಣ್ಣಗೆ ಕೂತಿತ್ತು. ಗುಳ್ಳೆ ಇದ್ದಷ್ಟು ಹೊತ್ತು ಆ ನೀರಿನ ಲೆಕ್ಕ ನಂಬುವ ಹಾಗಿಲ್ಲ. ಅಕ್ಕ ಅದನ್ನು ಕಂಡಿದ್ದಳು. ಹೇಳಿದರೆ ಮತ್ತೆ ಮೊದಲಿಂದ ಹಿಡಿಯಬೇಕಾಗುತ್ತದೆಂದು ಸುಮ್ಮನಿದ್ದಳು. ನಾನಾಗಿದ್ದರೂ ಸುಮ್ಮನಿರುತ್ತಿದ್ದೆ.

ಕೊನೆಯ ಸಾಕ್ಷಿಗೆ ಹಣ್ಣಡಿಕೆ. ಬಾಗಿಲ ಬುಡದಲ್ಲಿ ಬಿಟ್ಟರೆ ಅದು ಓಲಾಡುತ್ತ, ತಡೆದು, ಮತ್ತೆ ಉರುಳಿ ಜಗುಲಿಯ ಅಂಚು ದಾಟಿ ಅಂಗಳಕ್ಕೆ ಬಿತ್ತು. ‘ನೋಡಿದ್ಯಾ, ಎಷ್ಟು ಓರೆ!’ ಎಂದು ಭಾವ ಗೆದ್ದವನಂತೆ ಸುತ್ತ ನೋಡಿದ. ಮೂಲೆಯಲ್ಲಿ ಕವಳ ಕುಟ್ಟುತ್ತಿದ್ದ ಆಯಿ, ‘ಮಾಣಿ, ಅದು ಓರೆ ಅಲ್ದೋ, ವಾಟ. ನಿನ್ನ ಅಜ್ಜ ಬೇಕು ಹೇಳೇ ಮಾಡ್ಸಿದ್ದು’ ಅಂದಳು. ಆಯಿಯ ಬಳಿ ವಿಡಿಯೋ ಇರಲಿಲ್ಲ, ಹಾಗಾಗಿ ಆ ಮಾತು ಲೆಕ್ಕಕ್ಕೆ ಬರಲಿಲ್ಲ.

ಐವತ್ತು ಕಿಲೋದ ಚೀಲ ಇಡಿಯಾಗಿ ಒಮ್ಮೆಲೇ ಕಲಸಿದ. ಅಷ್ಟರಲ್ಲಿ ಯಾರೋ ಬಂದರು, ಆಸ್ರಿ ಆಯಿತು, ಕವಳದ ಬಟ್ಟಲು ಬಂತು, ಚಾಲಿಯ ರೇಟು ಬಂತು. ಕಲಸಿದ ಸಿಮೆಂಟು ಅರ್ಧ-ಮುಕ್ಕಾಲು ಗಂಟೆ ಕಳೆದರೆ ಬಿಗಿಯತೊಡಗುತ್ತದೆ. ನಮ್ಮ ಕಡೆ ಒಂದು ಕವಳಕ್ಕೆ ಅಷ್ಟು ಸಾಲದು. ಗಟ್ಟಿಯಾಗುತ್ತಿದ್ದ ಗಾರೆಯನ್ನು ಅಂಚಿನ ತಗ್ಗಿಗೇ ಹೇರಿ ಕರಣೆಯಲ್ಲಿ ಉಜ್ಜಿದ. ಮೇಲೆ ಟೈಲ್ಸೂ ಕೂತಿತು. ರಸಮಟ್ಟದ ಗುಳ್ಳೆ ಗೆರೆಗಳ ನಡುವೆ ಬಂದು ನಿಂತದ್ದು ಫೋಟೋ ಆಗಿ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹೋಯಿತು. ಎಲ್ಲರೂ ಹೆಬ್ಬೆರಳೆತ್ತಿದರು.

ಜೂನಿನಲ್ಲಿ ಮಳೆ ಹಿಡಿಯಿತು. ಗಾಳಿಗೆ ಇರಚಲು ಜಗುಲಿಗೆ ಹೊಡೆಯುತ್ತದೆ. ಮೊದಲೆಲ್ಲ ಆ ನೀರು ತಾನಾಗಿ ಅಂಗಳಕ್ಕಿಳಿಯುತ್ತಿತ್ತು. ಈಗ ಅದು ಜಗುಲಿಯಲ್ಲಿ ಸ್ವಲ್ಪ ಹೊತ್ತು ಯೋಚಿಸಿ, ಹೊಸಿಲು ದಾಟಿ ನಡುಮನೆಗೆ ಬಂತು.

‘ನಾಳೆ ಬರ್ತೆ’ ಅಂದಿದ್ದ ಮೇಸ್ತ್ರಿ ಬಂದದ್ದು ಆಗಲೇ. ಕೊಡೆ ಮಡಚಿ, ಬಗ್ಗಿ ನೋಡಿ, ಟೈಲ್ಸ್ ಮೇಲೆ ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿದ. ಡಬಡಬ ಅಂತು.

‘ಯಾರ್ ಮಾಡಿದ್ದು ಹೆಗಡೇರೆ ಇದು?’

‘ಯಾವನೋ ಹೊಸ ಮೇಸ್ತ್ರಿ. ಸಾಗರದ ಕಡೆಯವ’ ಅಂದ ಭಾವ, ಅಕ್ಕನ ಮುಖ ನೋಡದೆ.

‘ದುಡ್ಡು ಕೊಟ್ ಕಳ್ಸಿದ್ರಾ?’

‘ಪೂರ್ತಿ ಕೊಡ್ಲಿಲ್ಲ.’