ಗಲ್ಲಾ ಪಕ್ಕದ ಗುಟ್ಟು

“ಸಾವ್ಕಾರ್ರೇ, ಈ ಲುಂಗಿಗೆ ಬಿಲ್ ಹಾಕಿ.”

“ಫೋನ್ ನಂಬರ್ ಹೇಳಿ ರಾಯರೇ.”

“ಉಡೋದು ನಾನು, ಫೋನಲ್ಲ!”

“2023ರ ಮಾಹಿತಿ ರಕ್ಷಣೆ ಕಾಯ್ದೆ ಸ್ವಾಮಿ. ಒಪ್ಪಿಗೆ ಇಲ್ದೆ ನಂಬರ್ ತಗೊಳ್ಳೋ ಹಾಗಿಲ್ಲ. ಒಪ್ಪಿಗೆಗೆ ಓಟಿಪಿ ಬರ್ಬೇಕು, ಅದಕ್ಕೆ ನಂಬರ್ ಬೇಕು.”

“ಒಪ್ಪದಿದ್ರೆ?”

“ಒಪ್ಪಲಿಲ್ಲ ಅಂತ ಬರ್ಕೋತೀವಿ. ಹೆಸರು, ವಿಳಾಸ, ನಂಬರ್ ಸಮೇತ. ನೋಡಿ, ನಿಮ್ಮ ಬೀಗರದ್ದೂ ಇದೆ: ಎರಡು ಸೀರೆ, ಎರಡು ವಿಳಾಸ.”

“ಎರಡನೇದು ಯಾರ್ದು?”

“ಛೆ, ಅದು ಗೌಪ್ಯ! 250 ಕೋಟಿವರೆಗೂ ದಂಡ ಇದೆ.”

(ಇಷ್ಟನ್ನೂ ಹೇಳಿದ್ದು ಬೀದಿಗೆ ಕೇಳುವಷ್ಟು ಮೆಲ್ಲಗೆ.)

“ಹಳೇ ಪುಸ್ತಕ ಏನ್ಮಾಡಿದ್ರಿ?”

“ಕೆಲಸ ಮುಗಿದ ಮಾಹಿತಿ ಇಟ್ಕೋಬಾರ್ದಂತೆ. ಎದುರಿನ ಬೋಂಡಾ ಅಂಗಡಿಗೆ ಕೊಟ್ಬಿಟ್ಟೆ.”

“ಅದಕ್ಕೇ! ಬೆಳಗ್ಗೆ ಪೊಟ್ಟಣ ಬಿಚ್ಚಿದ್ರೆ ನಮ್ಮೆಜಮಾನ್ತಿ ನಂಬರ್ರು!”

“ಒಪ್ಪಿಗೆ ಕೊಟ್ಟಿದ್ರು ಬಿಡಿ.”