ಜೆರಾಕ್ಸ್ ಅಂಗಡಿಯ ವೈಫೈ

ತಿರುವಿನ ಜೆರಾಕ್ಸ್ ಅಂಗಡಿಗೆ ಈಗ ಪೆನ್‌ಡ್ರೈವ್ ಹಿಡ್ಕೊಂಡು ಬರೋರು ಯಾರಿದಾರೆ ಹೇಳಿ? ಎಲ್ಲಾ ವಾಟ್ಸಾಪೇ. ಬಂದೋರು ರೇಟು ಕೇಳೋಕೂ ಮುಂಚೆ ‘ಅಣ್ಣಾ, ವೈಫೈ ಪಾಸ್‌ವರ್ಡ್ ಏನು?’ ಅಂತಾರೆ. ಅಂಗಡಿಯಾತ ಧಾರಾಳಿ, ಗೋಡೆಗೇ ಬರೆದು ಅಂಟಿಸಿದ್ದ. ಬಿಲ್ಲಿಂಗ್ ಕಂಪ್ಯೂಟರು, ಪ್ರಿಂಟರು, ಕ್ಯಾಮೆರಾ, ಹಾದಿಹೋಕರ ಫೋನು, ಎಲ್ಲಾ ಒಂದೇ ನೆಟ್‌ವರ್ಕು! ಮೊನ್ನೆ ಹೊಸ ಆಕ್ಸೆಸ್ ಪಾಯಿಂಟ್ ತಂದಾಗ ನಾನು ಬಿಡಲಿಲ್ಲ. ಅಂಗಡಿಗೊಂದು, ಬಂದುಹೋಗೋರಿಗೊಂದು, ಎರಡು ನೆಟ್‌ವರ್ಕ್ ಮಾಡಿಸಿಯೇ ಎದ್ದೆ.

ಹೆಸರು ಕನ್ನಡದಲ್ಲೇ ಇರಲಿ ಅಂದ. ಒಳ್ಳೇದೇ ಅಲ್ವಾ? ಆದರೆ ವೈಫೈ ಹೆಸರಿಗೆ ಸಿಗೋದು 32 ಬೈಟು ಜಾಗ. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟು ಸಾಕು. ನಮ್ಮದಕ್ಕೆ ಮೂರು, ಅದೂ ಅಕ್ಷರಕ್ಕೆ ಬೇರೆ, ಗುಣಿತದ ಚಿಹ್ನೆಗೆ ಬೇರೆ. ಅಂಗಡಿ ಹೆಸರು ಕಾವೇರಿ ಅಂತಿಟ್ಕೊಳ್ಳಿ. ‘ಕಾವೇರಿ ಜೆರಾಕ್ಸ್’ ಅಂದ್ರೆ 43 ಆಗೋಯ್ತು, ಹಿಡಿಸೋದಿಲ್ಲ. ‘ಕಾವೇರಿ ವೈಫೈ’ ಅಂದ್ರೆ 31. ಒಂದೇ ಒಂದು ಬೈಟು ಉಳೀತು ನೋಡಿ! ಕನ್ನಡದಲ್ಲಿ ಹೆಸರಿಡೋರು ಚುಟುಕಾಗಿ ಇಟ್ಟುಕೊಂಡರೆ ಆಯ್ತು.

ಆಮೇಲೆ, ಹೆಸರನ್ನೇ ಮರೆಮಾಡಿಬಿಟ್ಟರೆ ಕಳ್ಳರ ಕಾಟ ಇರಲ್ಲ ಅಂತ ಯಾರೋ ಆತನ ತಲೆಗೆ ತುಂಬಿದ್ದರು. ನಮ್ಮ ಸೋದರಮಾವನ ದಿನಸಿ ಅಂಗಡೀಲಿ ಕರಿ ಫೋನಿತ್ತು, ಡಯಲ್ಲಿನ ತೂತಿಗೆ ಪುಟ್ಟ ಬೀಗ ಹಾಕಿರೋರು, ನೆನಪಿದೆಯಾ ಅಂಥದ್ದು? ಹುಡುಗರು ಡಯಲ್ ಮುಟ್ಟುತ್ತಲೇ ಇರಲಿಲ್ಲ. ರಿಸೀವರ್ ಇಡೋ ಗುಂಡಿಯನ್ನೇ ಟಕಟಕ ಕುಟ್ಟೋರು, ನಾಲ್ಕಕ್ಕೆ ನಾಲ್ಕು ಸಲ, ಸೊನ್ನೆಗೆ ಹತ್ತು ಸಲ. ಫೋನು ಹತ್ತೇಬಿಡೋದು! ಹೆಸರು ಮರೆಸೋದೂ ಆ ಬೀಗದ ಹಾಗೇನೇ. ಆಕ್ಸೆಸ್ ಪಾಯಿಂಟ್ ಬಾಯಿ ಮುಚ್ಚಿಕೊಂಡರೂ ನಮ್ಮ ಫೋನು ಆ ಹೆಸರು ಹಿಡಿದು ಕೂಗ್ತಿರುತ್ತೆ, ಕೇಳಿಸಿಕೊಳ್ಳೋರಿಗೆ ಕೇಳಿಸುತ್ತೆ. ನಿಜವಾದ ಕಾವಲು ಅಂದ್ರೆ ಡಬ್ಲ್ಯುಪಿಎ2 ಇಲ್ಲವೇ ಡಬ್ಲ್ಯುಪಿಎ3, ಜೊತೆಗೆ ಉದ್ದನೆ ಪಾಸ್‌ವರ್ಡು. 63 ಅಕ್ಷರದವರೆಗೂ ಬರೀಬಹುದು, ಎಂಟಕ್ಕೇ ನಿಲ್ಲಿಸೋದು ಯಾಕೆ?

ಅತಿಥಿಗಳ ಫೋನುಗಳು ಒಂದನ್ನೊಂದು ನೋಡದ ಹಾಗೆ ಬೇರ್ಪಡಿಸೋಕೂ ಒಂದು ಸೆಟ್ಟಿಂಗ್ ಇರುತ್ತೆ, ಹಾಕಿದ್ವಿ. ಹುರುಪಲ್ಲಿ ಆತ ಅಂಗಡಿ ನೆಟ್‌ವರ್ಕಿಗೂ ಅದನ್ನೇ ಒತ್ತಿಬಿಟ್ಟ. ಲ್ಯಾಪ್‌ಟಾಪಿಗೆ ಪಕ್ಕದಲ್ಲೇ ಕೂತ ವೈಫೈ ಪ್ರಿಂಟರೇ ಕಾಣದ ಹಾಗಾಯ್ತು! ತೆಗೆಸಿದ ಮೇಲೆ ಕಾಗದ ಸರ್ರನೆ ಬಂತು.

ಚಾನೆಲ್ ವಿಷಯದಲ್ಲೂ ಹಾಗೇ. 2.4 ಗಿಗಾಹರ್ಟ್ಸಿನಲ್ಲಿ ಒಂದರ ಮೇಲೊಂದು ಬೀಳದೆ ಇರೋದು 1, 6, 11, ಮೂರೇ. ಬೇಕರಿಯೋರು 1ರಲ್ಲಿ, ಮೆಡಿಕಲ್ ಶಾಪು 6ರಲ್ಲಿ, ಮಧ್ಯ ಖಾಲಿ ಇದೆಯಲ್ಲಾ ಅಂತ ಈತ 3ಕ್ಕೆ ಕೈ ಹಾಕಿದ. ಒಂದೇ ಚಾನೆಲ್ಲಿನೋರು ಸರದಿ ಕಾದು ಮಾತಾಡ್ತಾರೆ. 3ರಲ್ಲಿ ಕೂತರೆ ಆ ಕಡೆಯವರಿಗೂ ಕಿರಿಕಿರಿ, ಈ ಕಡೆಯವರಿಗೂ ಕಿರಿಕಿರಿ. 11 ಖಾಲಿ ಇತ್ತು, ಅಲ್ಲೇ ಕೂರಿಸಿದ್ವಿ. ಪವರೂ ಪೂರ್ತಿ ಏರಿಸೋದು ಬೇಡ ಅಂದೆ. ದೂರದ ಫೋನಿಗೆ ಕಡ್ಡಿ ತುಂಬಾ ಕಾಣುತ್ತೆ, ಆದರೆ ಆ ಪುಟ್ಟ ಫೋನಿನ ದನಿ ವಾಪಸ್ ಇಲ್ಲಿಗೆ ಮುಟ್ಟಬೇಕಲ್ವಾ? ಅದರ ಬದಲು ಡಬ್ಬಿಯನ್ನ ಕಬ್ಬಿಣದ ಬೀರು ಹಿಂದಿಂದ ತೆಗೆದು ಗೋಡೆ ಮೇಲೆ ಎತ್ತರಕ್ಕೆ ಹೊಡೆಸಿದ್ದೇ ಹೆಚ್ಚು ಕೆಲಸ ಮಾಡ್ತು.

ನಿಮಗೆ ಗೊತ್ತಿರೋರ ಕ್ಲಿನಿಕ್ಕು ಇದ್ದರೆ ಅಲ್ಲೂ ಒಮ್ಮೆ ನೋಡಿಸಿಬಿಡಿ. ಸೆಟ್ಟಿಂಗ್ಸ್ ತೆಗೆಯೋ ಅಡ್ಮಿನ್ ಪಾಸ್‌ವರ್ಡು ಕಂಪನಿಯೋರು ಕೊಟ್ಟದ್ದೇ ಇದ್ದರೆ ಮೊದಲು ಅದನ್ನ ಬದಲಾಯಿಸೋಕೆ ಹೇಳಿ. ರೋಗಿಗಳ ಕಾಯಿಲೆ ಕಸಾಲೆ ಎಲ್ಲಾ ಅಲ್ಲಿನ ಕಂಪ್ಯೂಟರಲ್ಲಿರುತ್ತೆ, ಕಾಯೋರಿಗೂ ಅದೇ ವೈಫೈ ಕೊಟ್ಟಿರ್ತಾರೆ, ಅಲ್ವಾ?