ಹದಿನೆಂಟನೇ ನಿಯಮದ ಮಾವ

ಫುಟ್‌ಬಾಲ್ ಆಟಕ್ಕೆ ನಿಯಮಗಳು 17. ಹದಿನೆಂಟನೆಯದು ಕಾಮನ್‌ಸೆನ್ಸ್ ಎಂಬುದು ರೆಫ್ರಿಗಳ ನಡುವಿನ ಹಳೇ ಮಾತು. ಯಾವ ಪುಸ್ತಕದಲ್ಲೂ ಇಲ್ಲದ ಈ ನಿಯಮಕ್ಕೆ ಬೆಂಗಳೂರಿನಲ್ಲಿ ಇರುವ ಏಕೈಕ ಭಾಷ್ಯಕಾರರು ನಮ್ಮ ಬೀದಿಯ ಮಾವ. ಏಕೈಕ ಎಂಬುದು ಅವರ ಅಭಿಪ್ರಾಯ. ಆಸ್ಟಿನ್ ಟೌನ್, ಗೌತಮಪುರದ ಕಡೆ ಹೋದರೆ ಟೀ ಅಂಗಡಿಗೊಬ್ಬರು ಇಂಥವರು ಸಿಗುತ್ತಾರೆ. ಎಲ್ಲರೂ ಯಾವುದೋ ಕಾರ್ಖಾನೆ ತಂಡಕ್ಕೆ ಆಡಿದವರೇ. ಇನ್ನೇನು ರಾಜ್ಯ ತಂಡಕ್ಕೆ ಆಯ್ಕೆಯಾಗಬೇಕು ಅನ್ನುವಾಗ ಎಲ್ಲರಿಗೂ ಮಂಡಿ ಕೈಕೊಟ್ಟಿದೆ. ಮಾವನದು ಬಲಮಂಡಿ. ವಾದ ಕಾವೇರಿದಾಗ ಎಡಮಂಡಿ ಹಿಡಿದುಕೊಂಡದ್ದೂ ಉಂಟು.

ಅವರ ಬೈಗುಳವೂ ಫುಟ್‌ಬಾಲಿನದೇ. 1978ರ ವಿಶ್ವಕಪ್‌ನಲ್ಲಿ ಬ್ರೆಜಿಲ್–ಸ್ವೀಡನ್ ಪಂದ್ಯ 1–1ರಲ್ಲಿದ್ದಾಗ, ಕಾರ್ನರ್ ಒದ್ದ ಚೆಂಡು ಗಾಳಿಯಲ್ಲಿರುವಾಗಲೇ ರೆಫ್ರಿ ಕ್ಲೈವ್ ಥಾಮಸ್ ಆಟ ಮುಗಿಯಿತೆಂದು ಸೀಟಿ ಊದಿಬಿಟ್ಟ. ಜಿಕೊ ತಲೆಯಿಂದ ಹೊಡೆದ ಗೋಲು ದಂಡವಾಯಿತು. ಮಾವ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲು ಇಡುವಷ್ಟರಲ್ಲಿ ಕಂಡಕ್ಟರ್ ವಿಶಲ್ ಹಾಕಿದನೋ, ಒಳಗಿನಿಂದ ಕೇಳಿಸುತ್ತದೆ: “ಥೂ, ಇವನೊಬ್ಬ ಕ್ಲೈವ್ ಥಾಮಸ್!” ಕಂಡಕ್ಟರ್ ಅದನ್ನು ಹೊಗಳಿಕೆ ಅಂದುಕೊಂಡು ಸೀಟು ಬಿಡಿಸಿಕೊಟ್ಟ ಉದಾಹರಣೆಯೂ ಇದೆ.

ಇಂಥ ಮಾವನ ಬಾಳಿನ ಪರ್ವಕಾಲ 2023ರ ಮಾರ್ಚ್. 3ನೇ ತಾರೀಕು, ಕಂಠೀರವ ಕ್ರೀಡಾಂಗಣ, ಐಎಸ್‌ಎಲ್ ನಾಕೌಟ್, ಬೆಂಗಳೂರು ಎಫ್‌ಸಿಗೆ ಎದುರಾಳಿ ಕೇರಳ ಬ್ಲಾಸ್ಟರ್ಸ್. 90 ನಿಮಿಷದಲ್ಲಿ ಗೋಲಿಲ್ಲ. ಹೆಚ್ಚುವರಿ ಸಮಯ, 96ನೇ ನಿಮಿಷ, ಬೆಂಗಳೂರಿಗೆ ಫ್ರೀ ಕಿಕ್. ಕೇರಳದ ಗೋಲಿ ಇನ್ನೂ ಗೋಡೆ ನಿಲ್ಲಿಸುತ್ತಿದ್ದ. ಸುನಿಲ್ ಛೆಟ್ರಿ ಕಾಯಲಿಲ್ಲ, ಚೆಂಡನ್ನು ಹಗುರಾಗಿ ಎತ್ತಿ ಬಲೆಗೆ ಹಾಕಿದರು. ರೆಫ್ರಿ ಕ್ರಿಸ್ಟಲ್ ಜಾನ್ ಗೋಲು ಅಂದರು. ಕೋಚ್ ಇವಾನ್ ವುಕೊಮನೊವಿಚ್ ಇಡೀ ತಂಡ ಕಟ್ಟಿಕೊಂಡು ಸಭಾತ್ಯಾಗ ಮಾಡಿದರು. ಪಂದ್ಯ ಬೆಂಗಳೂರಿನದಾಯಿತು, ಬ್ಲಾಸ್ಟರ್ಸ್‌ಗೆ ಆಮೇಲೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯ ನಿಷೇಧ.

ಮಾರನೇ ಬೆಳಗ್ಗೆ ಮಾವ ಟೀ ಅಂಗಡಿಗೆ ಬಂದದ್ದು ನಿಯಮ ಪುಸ್ತಕದ ಪ್ರಿಂಟ್‌ಔಟ್ ಸಮೇತ. ಅಂಗಡಿಯ ಚೇಟ ಕಣ್ಣೂರಿನವರು, ಆ ದಿನ ಹಾಲಿಗೆ ನೀರು ಹೆಚ್ಚೇ ಬಿದ್ದಿತ್ತು. ಮಾವ ಕಟ್ಟೆಯ ಮೇಲೆ ನಾಲ್ಕು ಲೋಟ ಸಾಲಾಗಿಟ್ಟು ಗೋಡೆ ಮಾಡಿದರು. ಅದರಲ್ಲೊಂದು ನನ್ನದು, ಒಂದು ಆಟೋದವನದು, ಎರಡರಲ್ಲೂ ಟೀ ಇತ್ತು. ಬಿಸ್ಕತ್ತಿನ ಭರಣಿ ಗೋಲಿ. ಚೆಂಡಿನ ಜಾಗಕ್ಕೆ ಬೋಂಡ.

“ನಿಯಮ 13, ಓದಿ ಚೇಟಾ. ಗೋಡೆ ಕಟ್ಟಿ ಮುಗಿಯೋ ತನಕ ಕಾಯಬೇಕು ಅಂತ ಎಲ್ಲಿದೆ? ಫೌಲ್ ಮಾಡಿದೋನಿಗೆ ಗೃಹಪ್ರವೇಶಕ್ಕೂ ಟೈಮ್ ಕೊಡ್ಬೇಕಾ?” ಎಂದು ಬೋಂಡವನ್ನು ಬೆರಳಿನಿಂದ ಚಿಮ್ಮಿದರು. ಅದು ಗೋಡೆ ದಾಟದೆ ಆಟೋದವನ ಟೀಗೆ ಬಿತ್ತು.

“ನಿಯಮ ಸರಿ ಸಾರ್. ಸ್ವಲ್ಪ ಕಾಮನ್‌ಸೆನ್ಸ್ ಬೇಡ್ವಾ? ಆ ಹುಡುಗ ಕಂಬದ ಹತ್ರ ನಿಂತು ಕೂಗ್ತಾ ಇದ್ದ...”

“ಕಾಮನ್‌ಸೆನ್ಸ್ ಅನ್ನೋದು ನಿಯಮ ಗೊತ್ತಿಲ್ದೋರು ಆಡೋ ಮಾತು!”

ಹದಿನೆಂಟನೇ ನಿಯಮದ ಭಾಷ್ಯಕಾರರೇ ಹೀಗೆಂದಾಗ ಅಂಗಡಿ ಒಂದು ಕ್ಷಣ ಗಪ್ಪಾಯಿತು. ನಿಜ ಹೇಳಬೇಕೆಂದರೆ ವಾದದ ಗಂಟು ಇರುವುದು ಬೇರೆ ಕಡೆ. ಸೀಟಿಗೆ ಕಾಯಿ ಎಂದು ರೆಫ್ರಿ ಹೇಳಿದ್ದರೆ ಕಾಯಲೇಬೇಕು, ಹೇಳದಿದ್ದರೆ ಒದೆಯಬಹುದು. ಗೋಡೆಯೂ ಬೇಡ, ಸೀಟಿಯೂ ಬೇಡ ಎಂದು ತಾನು ಮೊದಲೇ ಹೇಳಿದ್ದಾಗಿ ಛೆಟ್ರಿ ಪಂದ್ಯದ ನಂತರ ಹೇಳಿದರು. ನನ್ನ ಮಟ್ಟಿಗೆ ಗೋಲು ಗೋಲೇ. ಹಾಗೆಂದು ಚೇಟನ ಎದುರು ಹೇಳುವ ಧೈರ್ಯ ಇಲ್ಲ, ಅಲ್ಲಿ ನನ್ನ ಲೆಕ್ಕ ಬಾಕಿಯಿದೆ.

ಮಾರ್ಚ್ 18ಕ್ಕೆ ಫತೋರ್ಡಾದಲ್ಲಿ ಫೈನಲ್. ಎಟಿಕೆ ಮೋಹನ್ ಬಗಾನ್‌ಗೆ ಎರಡು ಪೆನಾಲ್ಟಿ; ಎರಡನೆಯ ಫೌಲ್ ಆದದ್ದು ಬಾಕ್ಸಿನ ಒಳಗೋ ಹೊರಗೋ ಎಂಬ ತಕರಾರು. 2–2, ಶೂಟೌಟ್‌ನಲ್ಲಿ 4–3ರಿಂದ ಬೆಂಗಳೂರು ಸೋತಿತು. ಬೆಳಗ್ಗೆ ಮಾವ ಬರಿಗೈಯಲ್ಲಿ ಬಂದರು.

“ಪುಸ್ತಕ ನೋಡ್ಕೊಂಡು ಸೀಟಿ ಊದೋಕೆ ಮಷಿನ್ ಸಾಕು ಚೇಟಾ. ಮನುಷ್ಯನ್ನ ಯಾಕೆ ನಿಲ್ಲಿಸ್ತಾರೆ? ಫೈನಲ್ಲು, 85ನೇ ನಿಮಿಷ! ಕಾಮನ್‌ಸೆನ್ಸ್ ಬೇಡ್ವಾ?”

ಅದೇ ಪಂದ್ಯದಲ್ಲಿ ಬೆಂಗಳೂರಿಗೂ ಒಂದು ಪೆನಾಲ್ಟಿ ಸಿಕ್ಕಿತ್ತು, ಛೆಟ್ರಿ ಗೋಲು ಹೊಡೆದಿದ್ದರು. ಅದು ಮಾವನಿಗೆ ನೆನಪಾಗಲಿಲ್ಲ. ಚೇಟ ತುಟಿ ಪಿಟಕ್ಕೆನ್ನದೆ ಎರಡು ಬೋಂಡ ಕಟ್ಟಿ ಮುಂದಿಟ್ಟರು. ಕಟ್ಟಿದ ಹಾಳೆ ಮಾವ ಅಂದು ಬಿಟ್ಟುಹೋಗಿದ್ದ ಪ್ರಿಂಟ್‌ಔಟಿನದು.

“ನಿಯಮ 14 ಸಾರ್. ಪೆನಾಲ್ಟಿ.”

ಇಷ್ಟಾದರೂ ಬೀದಿ ಹುಡುಗರ ಪಂದ್ಯಕ್ಕೆ ರೆಫ್ರಿ ಮಾವನೇ. ಕಳೆದ ಬೇಸಿಗೆ ರಜೆಯಲ್ಲಿ ಅವರ ಮೊಮ್ಮಗ ಒದ್ದ ಚೆಂಡು ಕಾಂಪೌಂಡಿನ ಕಡೆ ಹೋಗುತ್ತಿತ್ತು. ನಡುವೆ ಮಲಗಿದ್ದ ಬೀದಿನಾಯಿಯ ಬೆನ್ನಿಗೆ ಬಡಿದು, ತಿರುಗಿ, ಎರಡು ಚಪ್ಪಲಿಗಳ ನಡುವೆ ನುಸುಳಿತು. ಮಾವ ಗೋಲೆಂದು ಸೀಟಿ ಊದಿದರು. ಎದುರು ತಂಡದ ಹುಡುಗ ಬಿಡಲಿಲ್ಲ:

“ತಾತಾ, 2009ರಲ್ಲಿ ಸಂಡರ್ಲೆಂಡ್ ಹೊಡೆದ ಚೆಂಡು ಬೀಚ್‌ಬಾಲ್‌ಗೆ ತಾಗಿ ಲಿವರ್‌ಪೂಲ್ ಗೋಲಿಗೆ ಹೋಯ್ತು, ಅದನ್ನ ಗೋಲು ಅಂದಿದ್ದು ತಪ್ಪು, ಡ್ರಾಪ್ ಬಾಲ್ ಕೊಡಬೇಕಿತ್ತು ಅಂತ ನೀವೇ ಹೇಳಿದ್ರಲ್ಲ?”

ಮಾವ ಬಲಮಂಡಿ ನೀವಿಕೊಂಡರು. “ಅದು ಗಾಳಿ ತುಂಬಿದ ಬಲೂನು ಕಣೋ. ಇದು ನಾಯಿ. ನಾಯಿಗೆ ಕಾಮನ್‌ಸೆನ್ಸ್ ಇರುತ್ತೆ. ಬೇಡ ಅಂದಿದ್ರೆ ಎದ್ದು ಹೋಗ್ತಿತ್ತು.”